ಚೀಟಿಯಿಲ್ಲದೆ ಭೌತಚಿಕಿತ್ಸಕರ ಬಳಿಗೆ

ಮುಂಬಯಿಯ ಲೋಕಲ್ ಗಾಡಿಗಳಲ್ಲಿ ನಿತ್ಯವೂ ನಿಂತು ಪ್ರಯಾಣಿಸುವ ನಮ್ಮವರಲ್ಲಿ ಸೊಂಟನೋವು, ಮಂಡಿನೋವುಗಳ ಪರಿಚಯವಿಲ್ಲದವರು ವಿರಳ. ಮೊದಲು ಮನೆವೈದ್ಯರು, ಅನಂತರ ಮೂಳೆತಜ್ಞರು, ಅವರ ಚೀಟಿ ಹಿಡಿದು ಕಡೆಗೆ ಭೌತಚಿಕಿತ್ಸಕರು ಎಂಬುದು ಹಿಂದಿನ ಕ್ರಮ. ಈಗ ಅನೇಕರು ನೇರವಾಗಿ ಫಿಸಿಯೋಥೆರಪಿ ಕೇಂದ್ರಗಳಿಗೇ ಹೋಗುತ್ತಾರೆ. ಇದು ಹೊಸ ಮಾತೇನಲ್ಲ. ಆಸ್ಟ್ರೇಲಿಯದ ಭೌತಚಿಕಿತ್ಸಕರು ವೈದ್ಯರ ಚೀಟಿಯ ಕಟ್ಟಳೆಯನ್ನು 1976ರಲ್ಲಿಯೇ ಕೈಬಿಟ್ಟರು.

ಹೀಗೆ ಹೋದವರ ಅನುಭವವೇನು? ಕಾಲ ಉಳಿಯಿತು, ತಮ್ಮ ಮಾತನ್ನು ಸಾವಧಾನವಾಗಿ ಕೇಳಿದರು ಎಂಬ ಸಮಾಧಾನ ಹಲವರಿಗೆ. ಎಕ್ಸ್-ರೇ ತೆಗೆಯಲಿಲ್ಲ, ಬರಿಯ ವ್ಯಾಯಾಮ ಹೇಳಿಕೊಟ್ಟರು ಎಂಬ ಅಸಮಾಧಾನವೂ ಉಂಟು. ಭುಜ ಬಿಗಿದು ಜಡೆ ಹೆಣೆದುಕೊಳ್ಳಲಾರದೆ ಹೋದ ಗೃಹಿಣಿಯೊಬ್ಬರಿಗೆ ಚಿಕಿತ್ಸಕರು ಕೇಳಿದ್ದು, “ರಕ್ತದ ಸಕ್ಕರೆ ಪರೀಕ್ಷಿಸಿಕೊಂಡಿದ್ದೀರಾ?” ಎಂದು. ನೋವು ಭುಜದಲ್ಲಿ, ಪ್ರಶ್ನೆ ಸಕ್ಕರೆಯದು! ಆಕೆಗೆ ಸಿಟ್ಟೇ ಬಂದಿತಂತೆ. ಆದರೆ ಭುಜ ಬಿಗಿಯುವ ಈ ವ್ಯಾಧಿ ಮಧುಮೇಹಿಗಳಲ್ಲಿ ಹೆಚ್ಚು. ಪರೀಕ್ಷೆಯಲ್ಲಿ ಆಕೆಗೂ ಮಧುಮೇಹವಿರುವುದು ತಿಳಿಯಿತು. ಭುಜ ಸಡಿಲವಾಗಲು ಒಂದು ವರ್ಷಕ್ಕೂ ಮೀರಿ ಹಿಡಿಯಿತು. ಈ ವ್ಯಾಧಿಯ ಸ್ವಭಾವವೇ ಅದು; ನಾಲ್ಕು ದಿನದ ಶಾಖದಿಂದ ವಾಸಿಯಾಗುವಂಥದಲ್ಲ.

ಚೀಟಿಯಿಲ್ಲದೆ ಹೋದಾಗ ಅದರಲ್ಲಿರಬೇಕಾದುದನ್ನೆಲ್ಲ ರೋಗಿಯೇ ಹೇಳಬೇಕು: ನೋವು ಎಂದಿನಿಂದ, ಯಾವ ಭಂಗಿಯಲ್ಲಿ ಹೆಚ್ಚು, ಬೇರೆ ಕಾಯಿಲೆಗಳೇನು, ಸೇವಿಸುವ ಔಷಧಗಳಾವುವು. ಇಲ್ಲಿಯೇ ನಮ್ಮವರಿಗೊಂದು ತೊಡಕು. ಕನ್ನಡದಲ್ಲಿ ಸೆಳೆತ, ಚಳುಕು, ಉರಿ, ಜೋಮು ಎಂದು ಬೇರೆ ಬೇರೆಯಾಗಿ ಹೇಳುವ ನಾವು ಹಿಂದಿಗೆ ಹೊರಳಿದೊಡನೆ ಎಲ್ಲವನ್ನೂ ‘ದರ್ದ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಸೊಂಟದಿಂದ ಪಾದದವರೆಗೆ ಇಳಿಯುವ ಸೆಳೆತ, ಅದರೊಡನೆ ಜೋಮು ಇದ್ದರೆ ನರ ಒತ್ತಿರುವ ಸಂಭವವುಂಟು. ಬರಿಯ ಸ್ನಾಯುನೋವಿನ ಚಿಕಿತ್ಸೆ ಅದಕ್ಕೆ ಸಾಲದು. ಊರಿನಿಂದ ಬಂದ ತಾಯಿಯವರನ್ನು ಕರೆದೊಯ್ಯುವವರು ಮೊದಲು ಮನೆಯಲ್ಲಿಯೇ ಕನ್ನಡದಲ್ಲಿ ಕೇಳಿ ಬರೆದುಕೊಳ್ಳುವುದು ಲೇಸು.

ಆದರೆ ಕೆಲವು ಲಕ್ಷಣಗಳಿದ್ದರೆ ಮೊದಲು ವೈದ್ಯರನ್ನೇ ಕಾಣತಕ್ಕದ್ದು. ಬೆನ್ನುನೋವಿನೊಡನೆ ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯವನ್ನು ಶಂಕಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟಾದ ವೃದ್ಧರು ಸಹ ನೇರವಾಗಿ ವ್ಯಾಯಾಮಕ್ಕೆ ತೊಡಗಬಾರದು. ಬೆನ್ನುನೋವಿರುವವರಿಗೆ ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಕುಂದಿದರೆ, ಒಡನೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೂ ಬೆಳಗಿನವರೆಗೆ ಕಾಯಲಾಗದು.