ಎಂಜಿನ್ ದೊಡ್ಡದಾದರೆ ಕಾರು ಬೇಗ ಹೋಗುತ್ತದೆಯೇ? ಬಲ ಮತ್ತು ಸಾಮರ್ಥ್ಯಗಳನ್ನು ಒಟ್ಟಿಗೆ ತೂಗಿಸಿದ ಒಂದು ಪಾಠ

ಒಂಬತ್ತನೇ ತರಗತಿಯಲ್ಲಿ ಬಲದ ಘಟಕ ಮುಗಿದ ಮೇಲೆ, ಬೇರೆ ಘಟಕದಲ್ಲಿ ಸಾಮರ್ಥ್ಯ ಬರುತ್ತದೆ. ಸೂತ್ರ ಬರೆದು, ಬಲ್ಬಿನ ಲೆಕ್ಕವೊಂದನ್ನು ಮಾಡಿಸಿ ನಾವು ಮುಂದೆ ಹೋಗುತ್ತೇವೆ. ಎರಡನ್ನೂ ಎದುರುಬದುರು ಇಟ್ಟು ತೂಗುವ ಸಂದರ್ಭ ವಿದ್ಯಾರ್ಥಿಗೆ ಒದಗುವುದೇ ಇಲ್ಲ. ಶಾಲೆಯ ಗೇಟಿನ ಹೊರಗೆ ಅವರು ಮಾತಾಡುವುದು ಮಾತ್ರ ಇದನ್ನೇ: ಯಾವ ಗಾಡಿ ಎಷ್ಟು ಸಿಸಿ, ಹಳೇ ಆರ್‌ಎಕ್ಸ್ 100ಕ್ಕೆ ಏನು ಮಾಡಿಸಿದರೆ ಇನ್ನೂ ಓಡುತ್ತದೆ. ಕೆಲವೇ ವರ್ಷಗಳಲ್ಲಿ ಇವರ ಕೈಗೂ ಗಾಡಿ ಬರುತ್ತದೆ. ಪವರ್ ಹೆಚ್ಚಿದ್ದರೆ ಎಲ್ಲೆಡೆಯೂ ವೇಗ ಎಂಬ ನಂಬಿಕೆಯನ್ನು ರಸ್ತೆಯ ತಿರುವಿನಲ್ಲಿ ಪರೀಕ್ಷಿಸುವುದಕ್ಕಿಂತ ಕಪ್ಪುಹಲಗೆಯ ಮೇಲೆ ಪರೀಕ್ಷಿಸುವುದು ಮೇಲು. ಆ ಉದ್ದೇಶದಿಂದ ಎರಡು ಅವಧಿಗಳ ಪಾಠವೊಂದನ್ನು ಯೋಜಿಸಿದೆ.

ಉದಾಹರಣೆಗೆ ಆರಿಸಿಕೊಂಡದ್ದು ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಹವ್ಯಾಸಿಗಳು ಟ್ರ್ಯಾಕ್ ಓಟಕ್ಕೆಂದು ಕಟ್ಟಿಕೊಳ್ಳುವ ಕಾರನ್ನು. ಮಾಜ್ದಾ ಮಿಯಾಟಾ 1989ರಲ್ಲಿ ಬಂದ ಎರಡೇ ಸೀಟಿನ ಪುಟ್ಟ ಕಾರು. ಎಂಜಿನ್ ಮುಂದೆ, ಅದು ತಿರುಗಿಸುವುದು ಹಿಂದಿನ ಚಕ್ರಗಳನ್ನು. 1.6 ಲೀಟರ್ ಎಂಜಿನ್, 116 ಅಶ್ವಸಾಮರ್ಥ್ಯ, ಒಂದು ಟನ್ನಿನ ಆಸುಪಾಸಿನ ತೂಕ. ಇದರ ಎಂಜಿನ್ ಕಿತ್ತು, 1997ರ ಕಾರ್ವೆಟ್ ಕಾರಿನಲ್ಲಿ ಬಂದ 5.7 ಲೀಟರ್, 345 ಅಶ್ವಸಾಮರ್ಥ್ಯದ ಎಲ್‌ಎಸ್1 ವಿ8 ಎಂಜಿನ್ ಕೂರಿಸುವವರಿದ್ದಾರೆ. ನಮ್ಮೂರಿನ ಮಕ್ಕಳಿಗೆ ವಿದೇಶಿ ಕಾರು ಯಾಕೆ, ಟ್ರ್ಯಾಕ್ಟರ್ ಆಗದೇ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ಟ್ರ್ಯಾಕ್ಟರಿನಲ್ಲಿ ತಿರುವಿನ ವೇಗದ ಪ್ರಶ್ನೆ ಬರುವುದಿಲ್ಲ. ಇನ್ನು ಬೈಕು ತೆಗೆದುಕೊಂಡರೆ ಅದನ್ನೇ ಮಾಡಿ ನೋಡುವ ಆಸೆ ಹುಟ್ಟೀತು. ನಮ್ಮಲ್ಲಿ ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಅನುಮತಿ ಬೇಕು ಎಂಬುದನ್ನೂ ತರಗತಿಯಲ್ಲಿ ಹೇಳಿದೆ.

ಲೆಕ್ಕಕ್ಕಾಗಿ ಅಂಕಿಗಳನ್ನು ಸುಲಭ ಮಾಡಿಕೊಂಡೆ. ಹಳೇ ಎಂಜಿನಿನಲ್ಲಿ ಚಕ್ರಕ್ಕೆ ತಲುಪುವ ಸಾಮರ್ಥ್ಯ 80 ಕಿಲೋವ್ಯಾಟ್, ಕಾರಿನ ರಾಶಿ 1000 ಕೆಜಿ. ಹೊಸದರಲ್ಲಿ 240 ಕಿಲೋವ್ಯಾಟ್, 1100 ಕೆಜಿ. ಟೈರಿನ ಘರ್ಷಣಾ ಗುಣಾಂಕ 1, ಗುರುತ್ವ ವೇಗೋತ್ಕರ್ಷ 10. ಗಾಳಿಯ ತಡೆಯನ್ನು ಬಿಟ್ಟಿದ್ದೇವೆ.

ಮೊದಲು ತಿರುವು. ಸೂತ್ರ ಈ ತರಗತಿಯದಲ್ಲ, ಹಾಗಾಗಿ ನಾನೇ ಕೊಟ್ಟೆ: ಕಾರನ್ನು ತಿರುವಿನಲ್ಲಿ ಹಿಡಿದಿಡಲು ಬೇಕಾದ ಬಲವೆಂದರೆ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದ್ದು. ಅದನ್ನು ಕೊಡುವುದು ಟೈರಿನ ಘರ್ಷಣೆ. ತ್ರಿಜ್ಯ 40 ಮೀಟರ್ ಎಂದಾಗ ಉತ್ತರ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಮೀ. ರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ, ಎಂಜಿನ್ ಸೂತ್ರದೊಳಗೆ ಬರುವುದೇ ಇಲ್ಲ. ಎರಡೂ ಕಾರಿಗೆ 72 ಎಂದು ಕಂಡಾಗ ಹಿಂದಿನ ಬೆಂಚಿನವರು ಲೆಕ್ಕ ತಪ್ಪಿದೆ ಎಂದು ಮತ್ತೆ ಮಾಡಿದರು.

ಆಮೇಲೆ ನೇರ ಹಾದಿ. 20ರಿಂದ 40ಕ್ಕೆ ವೇಗ ಏರಲು ಹಳೇ ಕಾರಿಗೆ ಬೇಕಾದ ಚಲನಶಕ್ತಿ 6,00,000 ಜೂಲ್. 80 ಕಿಲೋವ್ಯಾಟಿನಲ್ಲಿ 7.5 ಸೆಕೆಂಡು. ಹೊಸದಕ್ಕೆ 6,60,000 ಜೂಲ್, 240 ಕಿಲೋವ್ಯಾಟಿನಲ್ಲಿ 2.75 ಸೆಕೆಂಡು. ಮಕ್ಕಳು ಗೆದ್ದೆವೆಂದುಕೊಂಡರು. ಇಲ್ಲಿಯೇ ಪಾಠದ ತಿರುಳಿದೆ. ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದರೆ ಬಲ. ಆರಂಭದಲ್ಲಿ ವೇಗ 20 ಇರುವಾಗ ಹಳೇ ಎಂಜಿನ್ 4000 ನ್ಯೂಟನ್ ತಳ್ಳುತ್ತದೆ. ಹಿಂದಿನ ಚಕ್ರಗಳ ಮೇಲೆ 480 ಕೆಜಿ ಇದ್ದರೆ ಟೈರು 4800ರವರೆಗೆ ಹಿಡಿಯಬಲ್ಲದು, ಎಲ್ಲವೂ ಬಳಕೆಯಾಗುತ್ತದೆ. ಹೊಸ ಎಂಜಿನ್ ತಳ್ಳುವುದು 12,000 ನ್ಯೂಟನ್, ಹಿಂದಿನ ಟೈರು ಹಿಡಿಯುವುದು ಸುಮಾರು 5000. ಈ ಬಲಕ್ಕೆ ವೇಗೋತ್ಕರ್ಷ 4.5ರ ಆಸುಪಾಸು, ಸಮಯ ಸುಮಾರು 4.4 ಸೆಕೆಂಡು.

"ಮಿಸ್, ಹಾಗಾದ್ರೆ ಮಿಕ್ಕಿದ ಪವರ್ ಎಲ್ಲೋಗುತ್ತೆ?" ಎಂದು ಒಬ್ಬಳು ಕೇಳಿದಳು. ಉತ್ತರವನ್ನು ಇನ್ನೊಬ್ಬ ಹೇಳಿದ: ಚಕ್ರ ಸುಮ್ಮನೆ ಸುತ್ತಿ ಹೊಗೆ ಬರುತ್ತೆ. ಹಾಗಾಗಬಾರದೆಂದರೆ ಚಾಲಕ ಆಕ್ಸಿಲರೇಟರನ್ನು ಪೂರ್ತಿ ಒತ್ತುವಂತಿಲ್ಲ. 240 ಕಿಲೋವ್ಯಾಟನ್ನೂ 5000 ನ್ಯೂಟನ್ನಿನೊಳಗೆ ಬಳಸಲು ಗಂಟೆಗೆ ಸುಮಾರು 173 ಕಿಮೀ ವೇಗ ಬೇಕು. ವೇಗ ಏರುವಾಗ ಭಾರ ಹಿಂದಕ್ಕೆ ವಾಲುವುದನ್ನು ಸೇರಿಸಿದರೆ ಈ ಅಂಕಿ ಸಾಕಷ್ಟು ಇಳಿಯುತ್ತದೆ. ಅದನ್ನು ಪಿಯುಸಿಗೆ ಬಿಡುವುದು ಒಳ್ಳೆಯದು. ತಿರುವಿನಿಂದ ಹೊರಬರುವಾಗಲಂತೂ ಅದೇ ಟೈರು ಪಕ್ಕಕ್ಕೂ ಹಿಡಿಯಬೇಕು, ಮುಂದಕ್ಕೂ ತಳ್ಳಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಕಾರಿನ ಬಾಲ ಹೊರಳುವುದು ಆಗಲೇ.

ಎರಡನೇ ಅವಧಿ ಎಂಜಿನ್ ಕೂರುವ ಜಾಗದ ಬಗ್ಗೆ. ಎರಡು ಡಿಜಿಟಲ್ ತಕ್ಕಡಿಗಳ ಮೇಲೆ ಮೀಟರ್ ಸ್ಕೇಲನ್ನು ಸೇತುವೆಯಂತೆ ಇಟ್ಟು, ತಕ್ಕಡಿಗಳನ್ನು ಸೊನ್ನೆಗೆ ತಂದು, 100 ಗ್ರಾಂ ಬೊಟ್ಟನ್ನು ಸರಿಸಿ ನೋಡಿದೆವು. ಒಂದು ತುದಿಯಲ್ಲಿದ್ದಾಗ ಅಲ್ಲಿ 100, ಇಲ್ಲಿ 0. ಐದನೇ ಒಂದು ಭಾಗ ಒಳಗೆ ತಂದರೆ 80 ಮತ್ತು 20. ಇದನ್ನೇ ಕಾರಿಗೆ ಹಾಕಿದರೆ, ಹೆಚ್ಚುವರಿ 100 ಕೆಜಿ ಮುಂದಿನ ಅಚ್ಚಿನ ನೇರಕ್ಕೆ ಬಂದಾಗ ಮುಂಭಾಗದ ಪಾಲು ಶೇ. 52ರಿಂದ 56ಕ್ಕೆ ಏರುತ್ತದೆ. ಎಂಜಿನನ್ನು ಸುಮಾರು 45 ಸೆಂಮೀ ಹಿಂದಕ್ಕೆ ತಳ್ಳಿದರೆ 54.5, ಮೇಲಿನ 5000 ನ್ಯೂಟನ್ ಬಂದದ್ದೂ ಹಾಗೆಯೇ. ಇಷ್ಟಕ್ಕೇನು ಎನ್ನಿಸಬಹುದು. ಆದರೆ ರಬ್ಬರಿನ ವಿಷಯದಲ್ಲಿ ಗುಣಾಂಕ ಸ್ಥಿರವಲ್ಲ: ಟೈರಿನ ಮೇಲಿನ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಿಗಿಂತ ಕಡಿಮೆ ಏರುತ್ತದೆ. ಹಾಗಾಗಿ ಮೂತಿ ಭಾರವಾದ ಕಾರಿನ ಮುಂದಿನ ಟೈರು ಮೊದಲು ಸೋಲುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಎಳೆಯುತ್ತದೆ. ರಾಶಿ ಹೊಡೆದುಹೋದ ಮೊದಲ ದಿನದ ಸೂತ್ರದ ಮಿತಿ ಇಲ್ಲಿ ಗೋಚರಿಸುತ್ತದೆ. ಇದನ್ನು ಮುಚ್ಚಿಡದೆ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಮಿಯಾಟಾದ ಬ್ಯಾಟರಿಯನ್ನು ಕಾರ್ಖಾನೆಯವರೇ ಡಿಕ್ಕಿಯಲ್ಲಿ ಇಟ್ಟಿರುವುದು ಯಾಕೆ ಎಂದು ಕೇಳಿದಾಗ ಕೈಗಳು ತಕ್ಷಣ ಮೇಲೆದ್ದವು.

ಮೌಲ್ಯಮಾಪನಕ್ಕೆ ಎರಡು ಟ್ರ್ಯಾಕ್‌ಗಳ ನಕ್ಷೆ ಕೊಟ್ಟೆ. ಒಂದರಲ್ಲಿ ಉದ್ದನೆಯ ನೇರ ಹಾದಿ, ಇನ್ನೊಂದರಲ್ಲಿ ಬರೀ ತಿರುವು. ಯಾವುದಕ್ಕೆ ಯಾವ ಎಂಜಿನ್, ಅಂಕಿಯೊಂದಿಗೆ ಕಾರಣ ಬರೆಯಿರಿ ಎಂದು ಕೇಳಿದೆ. ಉದ್ದ ಹಾದಿಗೆ ವಿ8 ಎಂದವರು 7.5ಕ್ಕೂ 4.4ಕ್ಕೂ ಇರುವ ವ್ಯತ್ಯಾಸ ತೋರಿಸಿದರು. ಅದು ಸರಿಯಾದ ಉತ್ತರವೇ, ಪವರ್ ಕೆಟ್ಟದ್ದೆಂದು ಹೇಳುವ ಪಾಠ ಇದಲ್ಲ. ತಿರುವಿನ ಟ್ರ್ಯಾಕ್‌ಗೆ ಒಬ್ಬ ವಿದ್ಯಾರ್ಥಿ ಎಂಜಿನ್ ಹಾಗೇ ಇರಲಿ, ಆ ದುಡ್ಡಿಗೆ ಒಳ್ಳೆ ಟೈರು ಹಾಕಿಸುತ್ತೇನೆ ಎಂದು ಬರೆದು, ಗುಣಾಂಕ 1.2 ಎಂದು ತಾನೇ ಇಟ್ಟುಕೊಂಡು, 72ರ ಬದಲು 79 ಕಿಮೀ ಎಂಬ ಉತ್ತರ ತಂದಿದ್ದ. ಪಕ್ಕದಲ್ಲಿ ಟೈರಿನ ಬೆಲೆ ಎಷ್ಟು ಎಂಬ ಪ್ರಶ್ನೆಯೂ ಇತ್ತು.