ಹುಲ್ಲುಗಾವಲು ನೋಡಿಬಂದ ಮೇಲೆ ಜ್ವರ ಬಂದರೆ

ರಜೆಯಲ್ಲಿ ಮಕ್ಕಳೊಂದಿಗೆ ಮೈದನಹಳ್ಳಿಗೆ ಹೋಗುತ್ತಿದ್ದೇವೆ, ಆರೋಗ್ಯದ ದೃಷ್ಟಿಯಿಂದ ಯಾವ ಎಚ್ಚರಿಕೆ ವಹಿಸಬೇಕು ಎಂದು ಮಸ್ಕಿ-ಸಿಂಧನೂರು ಕಡೆಯ ವಳಕಮದಿನ್ನಿಯ ಓದುಗರೊಬ್ಬರು ಕೇಳಿದ್ದಾರೆ.

ಮೈದನಹಳ್ಳಿ ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಸಣ್ಣ ಊರು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿ ಇದರ ಸಮೀಪದಲ್ಲಿದೆ. ಇಲ್ಲಿನ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಸುರುಳಿ ಕೊಂಬಿನ ಗಂಡು ಮೃಗಗಳು ಬಯಲಿನಲ್ಲಿ ಜಿಗಿದೋಡುವುದನ್ನು ಮಕ್ಕಳು ಅವಶ್ಯ ನೋಡಬೇಕು.

ಬಿಸಿಲಿಗೆ ಟೋಪಿ, ಕುಡಿಯಲು ಕಾಯಿಸಿ ಆರಿಸಿದ ನೀರು, ಹಾವಿನ ಭಯಕ್ಕೆ ಬೂಟು, ಇವು ಎಲ್ಲರಿಗೂ ಗೊತ್ತು. ಹಲವರಿಗೆ ಗೊತ್ತಿಲ್ಲದ ಒಂದು ಕಾಯಿಲೆಯಿದೆ. ಅದು ಸ್ಕ್ರಬ್ ಟೈಫಸ್. ಮೈದನಹಳ್ಳಿಯಲ್ಲೇ ಇದು ಇದೆ ಎಂದು ಭಾವಿಸಬೇಡಿ. ಕರ್ನಾಟಕದಲ್ಲಿ ಹುಲ್ಲು, ಪೊದೆ, ಇಲಿಗಳಿರುವ ಯಾವ ಕಡೆಯೂ, ಹೊಲದ ಬದುವಿನಲ್ಲಿ ಕೂಡ, ಇದು ತಗುಲಬಹುದು. ಮಳೆಗಾಲದಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹೆಚ್ಚು.

ಇದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯ ಮರಿ. ಕಚ್ಚಿದ್ದು ತಿಳಿಯುವುದೇ ಇಲ್ಲ. ಸಾಮಾನ್ಯವಾಗಿ 10 ದಿನಗಳ ನಂತರ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತವೆ. ಅಷ್ಟರಲ್ಲಿ ಪ್ರವಾಸ ಮರೆತುಹೋಗಿರುತ್ತದೆ. ಡೆಂಗ್ಯೂ ಇರಬಹುದು, ಟೈಫಾಯ್ಡ್ ಇರಬಹುದು ಎಂದು ದಿನಗಳು ಕಳೆಯುತ್ತವೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೆ ತೊಂದರೆಯಾಗಿ ಪ್ರಾಣಕ್ಕೇ ಅಪಾಯ.

ಕಚ್ಚಿದ ಜಾಗದಲ್ಲಿ ಕೆಲವರಿಗೆ ಸಿಗರೇಟಿನಿಂದ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದು ನೋಯುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ದಾರದ ಕೆಳಗೆ ಅಡಗಿರುತ್ತದೆ. ಆದ್ದರಿಂದ ಸಂಕೋಚಪಡದೆ ಪೂರ್ತಿ ಮೈ ಪರೀಕ್ಷೆ ಮಾಡಿಸಿಕೊಳ್ಳಿ. ಹಕ್ಕಳೆ ಇಲ್ಲದಿದ್ದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ.

ಸಮಾಧಾನದ ಸಂಗತಿಯೆಂದರೆ ಚಿಕಿತ್ಸೆ ದುಬಾರಿಯಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಬೇಗ ಆರಂಭಿಸಿದರೆ ಬಹುತೇಕ ಎರಡು ದಿನಗಳಲ್ಲಿ ಜ್ವರ ಇಳಿಯುತ್ತದೆ. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ. ರೋಗಿಯಿಂದ ಮನೆಯವರಿಗೆ ಹರಡುವುದಿಲ್ಲ. ಲಸಿಕೆ ಇಲ್ಲದಿರುವುದರಿಂದ ಎಚ್ಚರಿಕೆಯೇ ರಕ್ಷಣೆ.

ತುಂಬುತೋಳಿನ ಅಂಗಿ ತೊಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಹುಲ್ಲಿನ ಮೇಲೆ ಕೂರುವ ಮುನ್ನ ದಪ್ಪ ಜಮಖಾನೆ ಹಾಸಿ. ಬಟ್ಟೆಯನ್ನು ಪೊದೆಯ ಮೇಲೆ ಒಣಹಾಕಬೇಡಿ. ಮರಳಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ತೊಟ್ಟ ಬಟ್ಟೆ ಒಗೆಯಲು ಹಾಕಿ.

ಮುಂದಿನ ಮೂರು ವಾರಗಳಲ್ಲಿ ಜ್ವರ ಬಂದರೆ ವೈದ್ಯರು ಕೇಳುವವರೆಗೆ ಕಾಯಬೇಡಿ. 'ಹುಲ್ಲಿನಲ್ಲಿ ಓಡಾಡಿದ್ದೆ' ಎಂದು ನೀವೇ ಹೇಳಿ. ಮೇವು ಕೊಯ್ಯುವ ರೈತರಿಗೂ ಇದೇ ಮಾತು ಅನ್ವಯಿಸುತ್ತದೆ.