ಹುಲ್ಲಿಗೆ ಕಾಲಿಡುವ ಮುನ್ನ

ಕೊಚ್ಚಿಯ ಇನ್ಫೋಪಾರ್ಕ್‌ನಲ್ಲೋ ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲೋ ದುಡಿಯುತ್ತಿರುವ ನಮ್ಮ ಹುಡುಗ ಹುಡುಗಿಯರೇ, ರಜೆ ಸಿಕ್ಕಿದೊಡನೆ ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಪೊನ್ಮುಡಿಗೋ ಮುನ್ನಾರಿನ ಇರವಿಕುಳಕ್ಕೋ ಹೊರಡುತ್ತೀರಿ. ನೋಡಿದರೆ ಸಂತೋಷವಾಗುತ್ತದೆ. ಆದರೆ ಗುಡ್ಡ ಹತ್ತಿದ ಮೇಲೆ ನಿಮ್ಮಲ್ಲಿ ಕೆಲವರು ಮಾಡುವುದನ್ನು ಕಂಡರೆ ಕಳವಳವಾಗುತ್ತದೆ.

ಆ ಗುಡ್ಡಗಳ ಮೇಲಿನ ಹುಲ್ಲುಗಾವಲನ್ನು ಹಿಂದಿನವರು ಬರೀ ಬೋಳುಗುಡ್ಡ ಎಂದುಕೊಂಡಿದ್ದರು. ಊಟಿ, ಕೊಡೈಕೆನಾಲ್, ಮುನ್ನಾರು ಸುತ್ತಮುತ್ತ ಹುಲ್ಲು ಕಿತ್ತು ವ್ಯಾಟಲ್, ನೀಲಗಿರಿ ಮರ ನೆಟ್ಟರು. ಇರವಿಕುಳ ಉಳಿದದ್ದೇ ಪುಣ್ಯ. ಚಹಾ ತೋಟದ ದೊರೆಗಳು ಬೇಟೆಯಾಡುತ್ತಿದ್ದ ಆ ಜಾಗ 1975ರಲ್ಲಿ ಅಭಯಾರಣ್ಯವಾಯಿತು, 1978ರಲ್ಲಿ ರಾಷ್ಟ್ರೀಯ ಉದ್ಯಾನ. ಇರುವುದು 97 ಚದರ ಕಿಲೋಮೀಟರ್, ಅಷ್ಟೇ.

ಅಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ವರಯಾಡು, ಅಂದರೆ ನೀಲಗಿರಿ ತಾರ್ ಎಂಬ ಕಾಡುಮೇಕೆ, ಮರಿ ಹಾಕುವ ಕಾಲವೆಂದು ಪ್ರವಾಸಿಗರನ್ನು ಬಿಡುವುದಿಲ್ಲ. ಏಪ್ರಿಲ್‌ನಲ್ಲಿ ಬಾಗಿಲು ತೆರೆಯುತ್ತದೆ. ಆದರೆ ನೀಲಗಿರಿ ಪಿಪಿಟ್ ಹೆಚ್ಚಾಗಿ ಗೂಡು ಕಟ್ಟುವುದೂ ಆಗಲೇ! ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಎತ್ತರದ ಹುಲ್ಲುಗಾವಲು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲದ, ಕಂದು ಮೈಗೆ ಕಪ್ಪು ಗೀರು ಎಳೆದಂಥ ಪುಟ್ಟ ಹಕ್ಕಿ ಅದು. ಗೂಡು ಮರದ ಮೇಲಲ್ಲ, ನೆಲದಲ್ಲಿ, ಹುಲ್ಲಿನ ಬುಡದಲ್ಲಿ. ಒಳ್ಳೆಯ ಫೋಟೋ ಬೇಕೆಂದು ದಾರಿ ಬಿಟ್ಟು ಎರಡು ಹೆಜ್ಜೆ ಒಳಗಿಟ್ಟರೆ, ತುಳಿದ ಮೊಟ್ಟೆ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ವರಯಾಡಿಗೆ ಸರಕಾರ ಬಾಗಿಲು ಹಾಕುತ್ತದೆ; ಈ ಹಕ್ಕಿಯ ಪಾಲಿನ ಬಾಗಿಲನ್ನು ನೀವೇ ಹಾಕಿಕೊಳ್ಳಬೇಕು.

ಇನ್ನೊಂದು ಚಾಳಿ, ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹತ್ತಿರ ಕರೆಸುವುದು. ಗಂಡು ಹಕ್ಕಿ ಬರುವುದು ಸಲಿಗೆಯಿಂದಲ್ಲ, ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿತೆಂದು ಜಗಳಕ್ಕೆ. ಮರಿಗೆ ಹುಳ ತರಬೇಕಾದ ಹೊತ್ತೆಲ್ಲ ಇಲ್ಲದ ವೈರಿಯನ್ನು ಹುಡುಕುವುದರಲ್ಲೇ ಕಳೆಯುತ್ತದೆ. ನಿಮ್ಮ ಹಿಂದೆಯೇ ಬಂದ ತಂಡವೂ ಅದನ್ನೇ ಮಾಡುತ್ತದೆ.

ಇಂಥ ಅಡ್ಡದಾರಿಯಿಲ್ಲದೆ ಹಕ್ಕಿ ನೋಡಿದವರೂ ಇದ್ದರು. ಕೆ.ಕೆ. ನೀಲಕಂಠನ್ ಇಂಗ್ಲಿಷ್ ಮೇಷ್ಟ್ರು. ಇಂದುಚೂಡನ್ ಎಂಬ ಹೆಸರಿನಲ್ಲಿ 1958ರಲ್ಲಿ ಅವರು ತಂದ ‘ಕೇರಳತ್ತಿಲೆ ಪಕ್ಷಿಗಳ್’ ಓದಿ ಕೇರಳದಲ್ಲಿ ಎಷ್ಟೋ ಜನ ಹಕ್ಕಿ ನೋಡಲು ಕಲಿತರು. ಆ ಕಾಲದವರ ಕೈಲಿ ಇದ್ದದ್ದು ನೋಟ್‌ಬುಕ್ಕು ಮತ್ತು ತಾಳ್ಮೆ. ಹಕ್ಕಿ ಏನು ತಿನ್ನುತ್ತದೆ, ಯಾವ ಬಂಡೆಯ ಮೇಲೆ ಕೂತು ಹಾಡುತ್ತದೆ ಎಂಬುದು ಕಾದು ಕೂತವರಿಗೆ ಮಾತ್ರ ತಿಳಿಯುತ್ತಿತ್ತು. ಈಗಲೂ ಅಷ್ಟೇ.

ದಾರಿ ಬಿಡಬೇಡಿ, ಮಕ್ಕಳೇ. ಫೋನಿನ ಕೂಗು ನಿಲ್ಲಿಸಿ. ಗೂಡು ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಿರಿ, ಆ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಬೇಡಿ. ನಮ್ಮ ಮುಳ್ಳಯ್ಯನಗಿರಿ, ಕುದುರೆಮುಖಕ್ಕೆ ಹೋದಾಗಲೂ ಇದೇ ನಡೆ ಇರಲಿ. ಇರವಿಕುಳದಲ್ಲಿ 2018ರಲ್ಲಿ ಅರಳಿದ ನೀಲಕುರಿಂಜಿ ಹೂ ಮತ್ತೆ ಅರಳುವುದು 2030ಕ್ಕೆ. ಆಗ ಆ ಗುಡ್ಡಕ್ಕೆ ಜನ ಮುಗಿಬೀಳುತ್ತಾರೆ. ಅಷ್ಟರೊಳಗೆ ಈ ರೂಢಿ ನಿಮಗಾಗಲಿ, ಹೊಸಬರಿಗೆ ನೀವೇ ಕಲಿಸಿಕೊಡಿ.